ಬಯಾಪ್ಸಿ ಆಗುವ ತನಕ ಸ್ಟೀರಾಯ್ಡ್ ಬೇಡ ಎಂದೆ

ಮಡಿಕೇರಿಯ ಕಣ್ಣಿನ ಡಾಕ್ಟರಿಗೆ ಮಳೆಗಾಲದ ಆಸುಪಾಸಿನಲ್ಲಿ ಸಿಗುವುದು ಕೆಂಗಣ್ಣು, ಮರಗಸಿ ಮಾಡುವಾಗ ಕಡ್ಡಿ ತಗುಲಿಸಿಕೊಂಡವರು, ಇಲ್ಲವೇ ಪೊರೆ. ಸೋಮವಾರಪೇಟೆ ಕಡೆಯ ತೋಟದ ಲೈನ್ ಮನೆಯಿಂದ ಬಂದ ಈ ಕಾರ್ಮಿಕನದು ಬೇರೆಯೇ ಕಥೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಕೆಲವೇ ವಾರಗಳಲ್ಲಿ ಬಲಗಣ್ಣಿನ ಗುಡ್ಡೆ ಮುಂದಕ್ಕೆ ದೂಡಿಕೊಂಡು ಬಂದಿತ್ತು. ಸೋಂಕೆಂದು ಕೊಟ್ಟ ಆಂಟಿಬಯೋಟಿಕ್ ನಾಟಿರಲಿಲ್ಲ, ಜ್ವರವೂ ಇರಲಿಲ್ಲ. ಟಾರ್ಚ್ ಬಿಟ್ಟರೆ ಪಾಪೆ ಸರಿಯಾಗಿ ಕಿರಿದಾಗುತ್ತಿರಲಿಲ್ಲ. ಅಂದರೆ ದೃಷ್ಟಿ ನರದ ಮೇಲೆ ಒತ್ತಡ ಬಿದ್ದಿತ್ತು.

ಬಾಯಿ ತೆರೆಸಿದೆ. ಅಂಗುಳಲ್ಲಿ ಬಿಳಿ ಶಿಲೀಂಧ್ರ. ಕಣ್ಣಿನವರು ಬಾಯಿ ನೋಡುವುದು ಕಡಿಮೆ, ನೋಡಬೇಕು. ಕೌನ್ಸೆಲಿಂಗ್ ಆಗಿ, ಅವನು ಒಪ್ಪಿದ ಮೇಲೆ ಎಚ್‌ಐವಿ ಪರೀಕ್ಷೆ ಮಾಡಿಸಿದೆವು. ಪಾಸಿಟಿವ್. ರೋಗನಿರೋಧಕ ಕೋಶಗಳ ಲೆಕ್ಕವಾದ ಸಿಡಿ4 ಎಣಿಕೆ 200ಕ್ಕಿಂತ ಎಷ್ಟೋ ಕೆಳಗೆ, ಅಂದರೆ ರೋಗನಿರೋಧಕ ಶಕ್ತಿ ತೀರಾ ಕುಸಿದಿತ್ತು.

ಸಿಟಿ ಸ್ಕ್ಯಾನಿನಲ್ಲಿ ಮೂಗಿನ ಪಕ್ಕದ ಸೈನಸ್ಸಿನಿಂದ ಮೂಳೆ ತಿನ್ನುತ್ತಾ ಕಣ್ಣಿನ ಗೂಡಿಗೆ ಇಳಿದ ಗೆಡ್ಡೆ ಕಂಡಿತು. 2021ರಲ್ಲಿ ಕಪ್ಪು ಶಿಲೀಂಧ್ರ ಕಂಡ ನಮಗೆಲ್ಲ ಮೊದಲು ಹೊಳೆಯುವುದು ಅದೇ. ಊತ ಇಳಿಸಲು ಸ್ಟೀರಾಯ್ಡ್ ಕೊಡೋಣ ಎಂಬ ಮಾತೂ ಬಂತು. ನಾನು ಒಪ್ಪಲಿಲ್ಲ. ಶಿಲೀಂಧ್ರವಾಗಿದ್ದರೆ ಸ್ಟೀರಾಯ್ಡ್ ಬೆಂಕಿಗೆ ತುಪ್ಪ. ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಆಗಿದ್ದರೆ ಗೆಡ್ಡೆ ತಾತ್ಕಾಲಿಕವಾಗಿ ಕುಗ್ಗಿ, ಬಯಾಪ್ಸಿಯಲ್ಲಿ ಏನೆಂದು ಹೇಳಲಾಗದಂತೆ ಆಗಬಹುದು.

ಇಎನ್‌ಟಿ ಸ್ನೇಹಿತರು ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ತುಂಡು ತೆಗೆದರು. ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಬರೀ ಸಲೈನಿನಲ್ಲಿ ಶಿಲೀಂಧ್ರ ನೋಡಲಿಕ್ಕೆ. ಅದರಲ್ಲಿ ಶಿಲೀಂಧ್ರ ಇರಲಿಲ್ಲ. ಪೆಥಾಲಜಿ ಫಾರಂ ಮಾತ್ರ ನಾನೇ ಕೂತು ತುಂಬಿದೆ, ಎಚ್‌ಐವಿ ವಿಷಯ ಸೇರಿಸಿ. ಕಾರಣವಿದೆ. ಕಣ್ಣಿನ ಗೂಡಿನ ಲಿಂಫೋಮಾಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವ ಬಿ-ಕೋಶ ಎಂಬ ಬಿಳಿ ರಕ್ತಕಣದವು, ಆ ಕೋಶದ ಮೇಲಿನ ಸಿಡಿ20 ಎಂಬ ಪ್ರೋಟೀನ್ ಗುರುತಿಸಲು ಲ್ಯಾಬಿನಲ್ಲಿ ಹಾಕುವ ಬಣ್ಣ ಹಿಡಿಯುತ್ತವೆ. ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಬರುವ ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾ ಹಾಗಲ್ಲ. 1997ರಲ್ಲಿ ಇದನ್ನು ಮೊದಲು ವಿವರಿಸಿದ್ದೇ ಹೆಚ್ಚಾಗಿ ಎಚ್‌ಐವಿ ಇದ್ದವರ ಬಾಯಿಯ ಗೆಡ್ಡೆಗಳಲ್ಲಿ. ಸಿಡಿ20 ಸಾಮಾನ್ಯವಾಗಿ ನೆಗೆಟಿವ್, ಪ್ಲಾಸ್ಮಾ ಕೋಶಗಳ ಗುರುತಾದ ಸಿಡಿ138 ಪಾಸಿಟಿವ್. ಎಚ್‌ಐವಿ ಇದೆಯೆಂದು ತಿಳಿಯದೆ ಅಲ್ಲಿಗೇ ನಿಲ್ಲಿಸಿದರೆ ಮಯಲೋಮಾ (ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಎಂದೋ ಬೇರೆ ಕ್ಯಾನ್ಸರ್ ಎಂದೋ ವರದಿ ಬರಬಹುದು. ನಮ್ಮ ರೋಗಿಯದು ಈ ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾವೇ. ಗೆಡ್ಡೆಯಲ್ಲಿ ಈ ರೋಗದೊಂದಿಗೆ ನಂಟಿರುವ ಎಪ್‌ಸ್ಟೀನ್-ಬಾರ್ ವೈರಸ್ಸಿನ ಗುರುತೂ ಸಿಕ್ಕಿತು. ಕೋಶ ವಿಭಜನೆಯ ವೇಗ ತೋರಿಸುವ ಕೆಐ-67 ಶೇ. 90 ದಾಟಿತ್ತು.

ತೋಟದ ರೈಟರ್ ಹೊರಗೆ ಕಾದಿದ್ದರು. "ಏನಂತೆ ಸಾರ್ ಅವನಿಗೆ?"

"ಅವನನ್ನೇ ಕೇಳಿ ರೈಟರೇ" ಎಂದೆ. ರೋಗಿಯ ಎಚ್‌ಐವಿ ವಿಷಯ ಅವನ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆನ್ನುವ 2017ರ ಕಾಯ್ದೆ ಇಲ್ಲದಿದ್ದರೂ ಅಷ್ಟೇ ಹೇಳುತ್ತಿದ್ದೆ.

ಬೆಂಗಳೂರಿನಲ್ಲಿ ಕೀಮೋ ಶುರುವಾಯಿತು, ಜೊತೆಗೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ. ಸಿಡಿ20 ಇಲ್ಲದ್ದರಿಂದ, ಅದಕ್ಕೇ ಅಂಟಿ ಕೆಲಸ ಮಾಡುವ ರಿಟುಕ್ಸಿಮ್ಯಾಬ್ ಔಷಧ ಉಪಯೋಗಕ್ಕಿಲ್ಲ. ಚಾಪ್ (CHOP) ಎಂಬ ಮಾಮೂಲಿ ಕೀಮೋ ಔಷಧಗಳ ಜೋಡಣೆ ಸಾಲದೆಂದು ಅಲ್ಲಿಯವರು ಇನ್ನೂ ತೀಕ್ಷ್ಣವಾದ ಇಪಾಕ್ (EPOCH) ಆರಿಸಿದರು. ನನ್ನ ಪಾಲಿನದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಕಾಪಾಡುವುದು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ರಾತ್ರಿ ದಪ್ಪಗೆ ಮುಲಾಮು ಹಚ್ಚಿ ಟೇಪ್ ಅಂಟಿಸುವುದನ್ನು ಅವನ ಹೆಂಡತಿಗೆ ಕಲಿಸಿದೆ. ಗುಡ್ಡೆ ಈಗ ಬಹುಪಾಲು ಒಳಗೆ ಹೋಗಿದೆ, ಬೆರಳು ಎಣಿಸುವಷ್ಟು ದೃಷ್ಟಿ ಮರಳಿದೆ. ಈ ರೋಗ ಮರುಕಳಿಸುವುದು ಹೆಚ್ಚು. ಹಾಗಾಗಿ ಪ್ರತಿ ಭೇಟಿಯಲ್ಲೂ ಪಾಪೆ, ಬಣ್ಣದ ದೃಷ್ಟಿ, ಗುಡ್ಡೆಯ ಉಬ್ಬು ನೋಡುತ್ತೇನೆ, ಬಾಯಿಯನ್ನೂ ತೆರೆಸುತ್ತೇನೆ.