ವರ್ಷದ ಗೋಧಿ ಕೊಳ್ಳುವ ಮುನ್ನ ಕಾಳು ಪರೀಕ್ಷಿಸುವ ಬಗೆ

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಮಾರ್ಚ್–ಏಪ್ರಿಲ್ ಹೊತ್ತಿಗೆ ಹೊಸ ಗೋಧಿ ಬರುತ್ತದೆ. ಧಾರವಾಡ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ವರ್ಷದ ಗೋಧಿಯನ್ನು ಒಮ್ಮೆಗೇ ತುಂಬಿಡುವ ರೂಢಿ ಇನ್ನೂ ಉಳಿದಿದೆ. ಅಂಗಡಿಯವರು ತೋರಿಸುವುದು ಕಾಳಿನ ಹೊಳಪನ್ನು. ಆದರೆ ಬೆಳೆಗೆ ತಗುಲಿದ ರೋಗವಾಗಲಿ, ಹಿಟ್ಟಿನ ಗುಣವಾಗಲಿ ತಿಳಿಯುವುದು ತೂಕದಿಂದ ಮತ್ತು ಅಡ್ಡಕ್ಕೆ ಕತ್ತರಿಸಿದ ಕಾಳಿನ ಒಳಮೈಯಿಂದ.

ಮೊದಲು ಜಾತಿ ಕೇಳಿಕೊಳ್ಳಬೇಕು. ಚಪಾತಿಗೆ ಲೋಕವನ್ (ಲೋಕ್-1 ತಳಿಗೆ ಪೇಟೆಯ ಹೆಸರು ಇದೇ), ರವೆಗೆ ಬನ್ಸಿ, ಹುಗ್ಗಿ–ಮಾದಲಿಗೆ ಖಪ್ಲಿ, ಅಂದರೆ ನಮ್ಮ ಜವೆ ಗೋಧಿ.

ಮಾದರಿಯಿಂದ ಆರಿಸದೆ ನೂರು ಕಾಳು ಎಣಿಸಿ, ಚಿನ್ನ ತೂಗುವಂಥ ಚಿಕ್ಕ ತಕ್ಕಡಿಯಲ್ಲಿ ತೂಗಿರಿ. ಚೆನ್ನಾಗಿ ತುಂಬಿದ ಚಪಾತಿ ಗೋಧಿ 3.5ರಿಂದ 4.5 ಗ್ರಾಂ ತೂಗುತ್ತದೆ. ಭಂಡಾರ ರೋಗ, ಅಂದರೆ ತುಕ್ಕು ರೋಗ, ಎಲೆ–ಕಾಂಡಗಳ ಮೇಲೆ ಗುಳ್ಳೆಗಳಾಗಿ ಎದ್ದು ಕಾಳಿಗೆ ಸೇರಬೇಕಾದ ಆಹಾರವನ್ನು ಹೀರುತ್ತದೆಯೇ ಹೊರತು ಕಾಳಿನ ಮೇಲೆ ಗುರುತು ಬಿಡುವುದಿಲ್ಲ. ಕಾಳು ಜೊಳ್ಳಾಗುತ್ತದೆ, ಅಷ್ಟೇ. ಆದರೆ ಜೊಳ್ಳೆಲ್ಲವೂ ರೋಗದ್ದೆಂದು ತಿಳಿಯಬಾರದು. ತಡವಾಗಿ ಬಿತ್ತಿದ ಬೆಳೆಗೆ ಬಿಸಿಲು ತಾಗಿದರೂ ಕಾಳು ಸುಕ್ಕುತ್ತದೆ. ಈ ರೋಗದ ಅಧ್ಯಯನಕ್ಕೆಂದೇ ಮಹಾಬಲೇಶ್ವರದಲ್ಲಿ ಸಂಶೋಧನಾ ಕೇಂದ್ರವಿದೆ.

ಭ್ರೂಣದ ತುದಿ ಮಾತ್ರ ಕಪ್ಪಾಗಿದ್ದರೆ ಅದು ಕಪ್ಪುಚುಕ್ಕೆ, ಕಾಳು ಬಲಿಯುವಾಗ ಬಿದ್ದ ಮಳೆಯ ಫಲ. ಕಾಳು ಉಜ್ಜಿದಾಗ ಕರಿಪುಡಿ ಉದುರಿ ಮೀನಿನ ವಾಸನೆ ಬಂದರೆ ಕರ್ನಾಲ್ ಬಂಟ್ ಎಂಬ ಶಿಲೀಂಧ್ರ ರೋಗವೆಂದು ತಿಳಿದು ಆ ಚೀಲವನ್ನು ಬಿಟ್ಟುಬಿಡಬೇಕು.

ಬನ್ಸಿ ಕೊಳ್ಳುವವರು ಹತ್ತಿಪ್ಪತ್ತು ಕಾಳು ಅಡ್ಡಕ್ಕೆ ಕೊಯ್ದು ನೋಡಲೇಬೇಕು. ಒಳಮೈ ಗಾಜಿನಂತೆ ಪಾರದರ್ಶಕವಾಗಿದ್ದರೆ ರವೆ ಉದುರುದುರಾಗುತ್ತದೆ. ಬಿಳಿಯ ಹಿಟ್ಟುಮಚ್ಚೆಗಳಿದ್ದರೆ ಹೊಲಕ್ಕೆ ಸಾರಜನಕ ಸಾಲದೆ ಪ್ರೋಟೀನ್ ಕುಗ್ಗಿದೆ ಎಂದರ್ಥ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ರೂಪಿಸಿದ ಎಂಎಸಿಎಸ್ 4028 ಎಂಬ ಇದೇ ಜಾತಿಯ ತಳಿಯಲ್ಲಿ ಪ್ರೋಟೀನ್ ಶೇ. 14.7 ಇದ್ದರೂ, ಗೊಬ್ಬರ ಕಾಣದ ಹೊಲದಲ್ಲಿ ತಳಿಯ ಹೆಸರೊಂದೇ ಆ ಗುಣ ತಂದುಕೊಡಲಾರದು.

ಚಪಾತಿಯ ಮಟ್ಟಿಗೆ ನನಗೆ ಹೆಚ್ಚು ನಂಬಿಕೆ ಇರುವುದು ಅಂಟಿನ (ಗ್ಲುಟೆನ್) ಪರೀಕ್ಷೆಯಲ್ಲಿ. ಒಂದು ಕಿಲೋ ಗೋಧಿ ತಂದು ಬೀಸಿಸಿ, 25 ಗ್ರಾಂ ಹಿಟ್ಟನ್ನು ಗಟ್ಟಿಯಾಗಿ ನಾದಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ನಂತರ ತೆಳು ಬಟ್ಟೆಯ ಮೇಲೆ, ಸಣ್ಣಗೆ ಬಿಟ್ಟ ನಲ್ಲಿಯ ಕೆಳಗೆ, ಅವಸರಪಡದೆ ಹಿಸುಕುತ್ತಾ ತೊಳೆಯಿರಿ. ಮೊದಲು ಹಾಲಿನಂಥ ಪಿಷ್ಟ ಹರಿದುಹೋಗುತ್ತದೆ. ನೀರು ತಿಳಿಯಾಗುವ ಹೊತ್ತಿಗೆ ಬೆರಳಿಗಂಟುವ ನಸುಹಳದಿ ಮುದ್ದೆ ಉಳಿಯುತ್ತದೆ. ಅದರ ನೀರು ಹಿಂಡಿ ತೂಗಿದಾಗ 6ರಿಂದ 8 ಗ್ರಾಂ ಬಂದು, ಎಳೆದರೆ ತುಂಡಾಗದೆ ಹಿಗ್ಗಿದರೆ ಚಪಾತಿ ಮೃದುವಾಗುತ್ತದೆ.

ಜವೆ ಗೋಧಿಯನ್ನು ಮಾತ್ರ ಈ ಅಳತೆಯಿಂದ ಅಳೆಯಬಾರದು. ಅದರ ಅಂಟು ಸ್ವಭಾವತಃ ದುರ್ಬಲ, ಎಳೆದರೆ ಹರಿಯುತ್ತದೆ. ಅದರ ಬಲವಿರುವುದು ರೋಗ ತಡೆಯುವುದರಲ್ಲಿ: ಯಾವ ಗೋಧಿಗೆ ತಗುಲುತ್ತದೆ, ಯಾವುದು ತಡೆಯುತ್ತದೆ ಎಂದು ನೋಡಿ ಕಾಂಡದ ತುಕ್ಕಿನ ಬಗೆಗಳನ್ನು ಗುರುತಿಸಲು ಅಮೆರಿಕದ ವಿಜ್ಞಾನಿಗಳಾದ ಸ್ಟ್ಯಾಕ್‌ಮನ್ ಮತ್ತು ಲೆವಿನ್ 1922ರಲ್ಲಿ ಗೊತ್ತುಮಾಡಿದ ಹನ್ನೆರಡು ಗೋಧಿಗಳಲ್ಲಿ ಖಪ್ಲಿಯೂ ಒಂದಾಗಿತ್ತು.