ಟಿಸಿ ದೊಡ್ಡದಾಯ್ತು, ಪ್ಯಾನೆಲ್ ಹಳೇದೇ ಉಳೀತು

ಮದ್ದೂರಿನ ಹತ್ತಿರ ಒಂದು ರೈಸ್ ಮಿಲ್. ಅಲ್ಲಿದ್ದ 100 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ತೆಗೆಸಿ 500 ಕೆವಿಎದು ಹಾಕಿಸಿದ್ದರು. ಹಳೇ ಪ್ಯಾನೆಲ್ಲನ್ನು ಹೊಸ ಮೇನ್ ಬಸ್‌ಬಾರ್‌ಗೆ (ಕರೆಂಟು ಹಂಚುವ ಲೋಹದ ಪಟ್ಟಿಗೆ) ಸೇರಿಸಿಕೊಡು ಅಂತ ನನ್ನನ್ನು ಕರೆದರು. ಮೋಟರ್‌ಗಳು ಅವೇ, ಲೋಡೂ ಅದೇ. ಅರ್ಧ ದಿನದ ಕೆಲಸ ಅಂದುಕೊಂಡು ಹೋದೆ.

ಬಾಗಿಲು ತೆಗೆದರೆ ಎಲ್ಲ ಎಂಸಿಬಿಗಳ (ಚಿಕ್ಕ ಬ್ರೇಕರ್‌ಗಳ) ಮುಖದ ಮೇಲೂ ಚಿಕ್ಕ ಚೌಕದೊಳಗೆ 10000 ಅಂತ ಬರೆದಿತ್ತು. ಅಂದ್ರೆ ಶಾರ್ಟ್ ಆದಾಗ 10,000 ಆಂಪ್ಸ್‌ವರೆಗೆ ಸಿಡಿಯದೆ ಕಡಿಯುತ್ತೆ ಅಂತ. ಮೊದಲೆಲ್ಲ ನಾನೂ ಆ ಚೌಕ ನೋಡುತ್ತಿರಲಿಲ್ಲ. 32 ಆಂಪ್ಸಾ, 63 ಆಂಪ್ಸಾ, ಅಷ್ಟೇ. ಕಣ್ಣು ತೆರೆಸಿದ್ದು ಮೈಸೂರಿನ ಹೆಬ್ಬಾಳದ ಒಂದು ವರ್ಕ್‌ಶಾಪು. ದೊಡ್ಡ ಟಿಸಿ ಪಕ್ಕದಲ್ಲೇ ನಾನೇ ಕೂರಿಸಿದ್ದ 6000ದ ಎಂಸಿಬಿ ಅದು. ಹಲ್ಲಿ ನುಗ್ಗಿ ಶಾರ್ಟ್ ಆಯ್ತು. ಸುಮ್ನೆ ಟ್ರಿಪ್ ಆಗಬೇಕಿದ್ದದ್ದು ಪಟಾರ್ ಅಂತ ಸಿಡಿದು ಬಾಯಿ ಬಿಟ್ಟಿತ್ತು. ಬಾಗಿಲಿನ ಒಳಮೈಗೆಲ್ಲ ಮಸಿ, ಅದರ ಮೇಲೆ ಸಾಸಿವೆ ಕಾಳಿನಂಥ ತಾಮ್ರದ ಮಣಿಗಳು. ಎದುರಿಗೆ ಯಾರೂ ನಿಂತಿರಲಿಲ್ಲ, ನನ್ನ ಪುಣ್ಯ.

ಮಿಲ್ಲಿನಲ್ಲಿ ಅಲ್ಲೇ ಮೂಟೆ ಮೇಲೆ ಕೂತು ಲೆಕ್ಕ ಹಾಕಿದೆ. 500 ಕೆವಿಎ, 433 ವೋಲ್ಟ್ ಅಂದ್ರೆ ಫುಲ್ ಲೋಡ್ 667 ಆಂಪ್ಸ್. ಟಿಸಿ ನೇಮ್‌ಪ್ಲೇಟಿನಲ್ಲಿ ಇಂಪಿಡೆನ್ಸ್, ಅಂದ್ರೆ ಕರೆಂಟಿಗೆ ಟಿಸಿ ಒಡ್ಡುವ ಒಳತಡೆ, 4.5% ಅಂತಿತ್ತು. 667ನ್ನು 0.045ರಿಂದ ಭಾಗಿಸಿದರೆ ಸುಮಾರು 14,800 ಆಂಪ್ಸ್. ಬಸ್‌ಬಾರ್ ಹತ್ತಿರ ಶಾರ್ಟ್ ಆದರೆ ಹೆಚ್ಚುಕಡಿಮೆ ಇಷ್ಟು ನುಗ್ಗುತ್ತೆ. ಓಡುತ್ತಿರುವ ಮೋಟರ್‌ಗಳೂ ಮೊದಲ ಕ್ಷಣ ಒಂದಿಷ್ಟು ತಳ್ಳುತ್ತವೆ. ಹಳೇ 100 ಕೆವಿಎಗೆ ಇದೇ ಲೆಕ್ಕ 3,000 ದಾಟುತ್ತಿರಲಿಲ್ಲ. ಈಗ 10000ದ ಎಂಸಿಬಿ ತಡೆಯಲ್ಲ, ಬದಲಾಯಿಸಬೇಕು ಅಂದೆ.

"ಅಲ್ಲ ಕಣಪ್ಪಾ, ಲೋಡೇ ಜಾಸ್ತಿ ಆಗಿಲ್ಲ, ಬ್ರೇಕರ್ ಯಾಕೆ ಬದಲಾಯಿಸ್ಬೇಕು?" ಅಂದರು ಮಾಲೀಕರು.

"ಗೌಡ್ರೇ, ತೂಬು ಅಷ್ಟೇ ಇದ್ರೂ, ಅದು ಕಿತ್ತುಹೋದ್ರೆ ಹಿಂದೆ ಇರೋದು ಊರ ಕಟ್ಟೆನೋ ಕನ್ನಂಬಾಡಿನೋ ಅನ್ನೋದು ಮುಖ್ಯ ಅಲ್ವಾ?" ಅಂದೆ. ಸ್ವಲ್ಪ ಹೊತ್ತು ಟಿಸಿ ಕಡೆನೇ ನೋಡಿದರು. ಎಷ್ಟಾಗುತ್ತೆ ಅಂತ ಕೇಳಿದರು.

ಬ್ರೇಕರ್ ಒಂದನ್ನೇ ಬದಲಾಯಿಸಿದರೂ ಸಾಲದು. ಬಸ್‌ಬಾರ್‌ಗಳು ಒಂದನ್ನೊಂದು ತಳ್ಳುವ ಬಲ ಕರೆಂಟಿನ ವರ್ಗದಷ್ಟು ಏರುತ್ತೆ. ಇಲ್ಲಿ ಕರೆಂಟು 5 ಪಟ್ಟು, ಬಲ 25 ಪಟ್ಟು. ಹಳೇ ಪ್ಯಾನೆಲ್ಲಿನ ಬಸ್‌ಬಾರ್ ಸಪೋರ್ಟುಗಳು ಆಗಲೇ ಬಿರುಕು ಬಿಟ್ಟಿದ್ದವು. ಕೊನೆಗೆ ಆ ಪೆಟ್ಟಿಗೆಯನ್ನೇ ತೆಗೆಸಿ, 25 ಕೆಎ (25,000 ಆಂಪ್ಸ್) ತಡೆಯುವ ಬಸ್‌ಬಾರ್, 25 ಕೆಎ ಎಂಸಿಸಿಬಿಗಳಿರುವ (ಎಂಸಿಬಿಗಿಂತ ದೊಡ್ಡ ಬ್ರೇಕರ್‌ಗಳಿರುವ) ಪ್ಯಾನೆಲ್ ಮಾಡಿಸಿದೆ. ಎಂಸಿಸಿಬಿ ಕೊಳ್ಳುವಾಗ ಐಸಿಯು ಜೊತೆಗೆ ಐಸಿಎಸ್ ಕೂಡ ನೋಡಿಕೊಂಡೆ. ಎರಡೂ ಬ್ರೇಕರ್ ಎಷ್ಟು ಶಾರ್ಟ್ ಕರೆಂಟು ಕಡಿಯಬಲ್ಲದು ಅನ್ನೋ ಅಳತೆಗಳು. ಐಸಿಯು ಮಟ್ಟದ ಶಾರ್ಟ್ ತಡೆದ ಬ್ರೇಕರ್ ಆಮೇಲೆ ಕೆಲಸಕ್ಕೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಐಸಿಎಸ್ ಮಟ್ಟದ್ದಾದರೆ ಮತ್ತೆ ಚಾಲೂ ಮಾಡಬಹುದು.

ಗೋಡೌನಿನ ಲೈಟ್ ಬೋರ್ಡ್ ಮಾತ್ರ ಮುಟ್ಟಲಿಲ್ಲ. ಅಲ್ಲಿಗೆ 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಕೇಬಲ್ 40 ಮೀಟರ್ ಹೋಗಿತ್ತು. ಕೇಬಲ್ಲಿನ ರೆಸಿಸ್ಟೆನ್ಸೇ ಕರೆಂಟನ್ನು 3,000 ಚಿಲ್ಲರೆಗೆ ಇಳಿಸುತ್ತೆ. 10000ದ ಎಂಸಿಬಿ ಅಲ್ಲಿಗೆ ಧಾರಾಳ.

ಬಿಚ್ಚಿದ ಎಂಸಿಬಿಗಳನ್ನು ಗೌಡರು ಗುಜರಿಗೆ ಕೊಡಲಿಲ್ಲ. 32 ಆಂಪ್ಸಿನದೊಂದನ್ನು ಹಿಡಿದು, "ಇದು ಗದ್ದೆ ಪಂಪ್‌ಸೆಟ್ಟಿಗೆ ಆಯ್ತದಾ?" ಅಂದರು. ಅಲ್ಲಿನ ಟಿಸಿ 63 ಕೆವಿಎ, 2,000 ಆಂಪ್ಸೂ ದಾಟಲ್ಲ. ಆಗುತ್ತೆ, ತಗೊಂಡ್ಹೋಗಿ ಅಂದೆ.