ಶುಗರ್ ಅದನೋ ಇಲ್ಲೋ ಮನಿ ಮಂದಿಗೆ ಹೆಂಗ ಚೆಕ್ ಮಾಡಿಸೋದು

ನೋಡ್ರಿ, ಶುಗರ್ ಶುರುವಾದಾಗ ಭಾಳ ಮಂದಿಗೆ ಏನೂ ಗೊತ್ತಾಗಲ್ಲ, "ನಂಗೇನಾಗ್ಯದ, ಜೋಳದ ರೊಟ್ಟಿ ಉಂಡು ಹೊಲಕ್ಕ ಹೋಗ್ತೀನಿ" ಅನ್ನೋ ಕಾಕಾನ್ನೇ ಮೊದಲು ಕರ್ಕೊಂಡು ಹೋಗ್ರಿ. 30 ದಾಟಿದವರು, ಅಪ್ಪ ಅವ್ವಗ ಶುಗರ್ ಇದ್ದವರು, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದವರು, ಬಸುರಿದ್ದಾಗ ಶುಗರ್ ಬಂದಿದ್ದ ಹೆಣ್ಮಕ್ಕಳು, ಇವ್ರನ್ನ ಬಿಡಬ್ಯಾಡ್ರಿ.

ಕಲಬುರಗಿ ಕಡಿ ಹಳ್ಳಿಯೊಳಗ ಇದ್ರ ಆಶಾ ಅಕ್ಕಾರ್ನ ಕೇಳ್ರಿ, ಸರ್ಕಾರಿ ದವಾಖಾನ್ಯಾಗ 30 ದಾಟಿದವರಿಗೆ ಪುಕ್ಕಟೆ ನೋಡ್ತಾರ. ಖಾಲಿ ಹೊಟ್ಟಿ ಟೆಸ್ಟಿಗೆ 8 ತಾಸು ನೀರು ಬಿಟ್ಟು ಏನೂ ತಗೋಬಾರ್ದು, ಚಾ ಸುದ್ದಾ ಇಲ್ಲ (ನಮ್ಮ ಮಂದಿ ಚಾ ಲೆಕ್ಕಕ್ಕೇ ಹಿಡಿಯಲ್ಲ, ಅಲ್ಲೇ ಎಲ್ಲಾ ಕೆಡೋದು). ಚುಚ್ಚೋಕಿಂತ ಮೊದಲು ಕೈ ತೊಳದು ಒರೆಸ್ಕೋರಿ, ಬೆಲ್ಲ ಮುಟ್ಟಿದ ಬೆರಳಾದ್ರ ಮಶೀನ್ ಸುಳ್ಳೇ ಜಾಸ್ತಿ ತೋರಿಸ್ತದ.

ಖಾಲಿ ಹೊಟ್ಟಿ ನಂಬರ್ (mg/dL ಲೆಕ್ಕದಾಗ) 100ರೊಳಗ ಇದ್ರ ನಾರ್ಮಲ್, 100ರಿಂದ 125 ಅಂದ್ರ ಹೊಸ್ತಿಲ ಮ್ಯಾಲ ನಿಂತಂಗ, 126 ಇಲ್ಲಾ ಅದಕ್ಕಿಂತ ಜಾಸ್ತಿ ಬಂದ್ರ ಶುಗರ್ ಇರಬಹುದು, ಆದ್ರ ಬೆರಳಿನ ನಂಬರ್ ನೋಡಿ ಬಾಜೂ ಮನಿಯವರ ಗುಳಿಗಿ ನುಂಗಬ್ಯಾಡ್ರಿ, ಲ್ಯಾಬಿನ್ಯಾಗ ರಕ್ತ ಕೊಟ್ಟು ಖಾತ್ರಿ ಮಾಡ್ಕೊಂಡು ಡಾಕ್ಟರಿಗೆ ತೋರಿಸ್ರಿ. ಉಪಾಸ ಆಗಲ್ಲ ಅನ್ನೋರಿಗೆ ಎಚ್‌ಬಿಎ1ಸಿ ಅನ್ನೋ ರಕ್ತದ ಟೆಸ್ಟ್ ಅದ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳ್ತದ), 6.5 ಪರ್ಸೆಂಟ್ ಮುಟ್ಟಿದ್ರ ಶುಗರ್, ಆದ್ರ ರಕ್ತ ಕಡಿಮಿ ಇದ್ದವರಿಗೆ ಅದು ತಪ್ಪು ತೋರಿಸಬಹುದು, ಮೊದಲೇ ಹೇಳ್ರಿ.